ದೂರಶಿಕ್ಷಣವೂ ದೂರ ಕೂತ ಮಕ್ಕಳೂ

(ಹುಡಗಿಯ ಸಭೆಯಲ್ಲಿ ಆಡಿದ ಮಾತು)



'ದೂರ' ಅನ್ನೋ ಶಬ್ದ ನಮಗೆ ಹೊಸದಲ್ಲ. ದೂರ ನಿಲ್ಲು, ದೂರ ಕೂಡು ಅನ್ನೋದನ್ನ ಕೇಳಿಕೊಂಡೇ ಬೆಳೆದವರು ನಾವು. ಅದಕ್ಕೇ ಮಾಸ್ತರರಿಗೆ ದೂರಶಿಕ್ಷಣದ ತರಬೇತಿ ಅಂದಕೂಡಲೇ ಕಿವಿಗೊಟ್ಟು ಕೇಳುತ್ತೇವೆ.

1975ರ ಆಗಸ್ಟಿನಲ್ಲಿ 'ಸೈಟ್' ಎಂಬ ಪ್ರಯೋಗ ಶುರುವಾಯಿತು. ಅಮೆರಿಕದ ಉಪಗ್ರಹವನ್ನು ಒಂದು ವರ್ಷ ಎರವಲು ಪಡೆದು ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿ.ವಿ. ಕಾರ್ಯಕ್ರಮ ಮುಟ್ಟಿಸಿದರು. ನಮ್ಮ ಬಗಲಿನ ಗುಲ್ಬರ್ಗ, ಆಚೆಯ ರಾಯಚೂರು, ಬಿಜಾಪುರ ಜಿಲ್ಲೆಗಳೂ ಅದರಲ್ಲಿದ್ದವು. ಪ್ರಾಥಮಿಕ ಶಾಲೆಯ ಮಾಸ್ತರರನ್ನು 12 ದಿನ ಕೂಡಿಸಿ ವಿಜ್ಞಾನ ಕಲಿಸುವ ಬಗೆ ಹೇಳಿಕೊಟ್ಟರು. ಆದರೆ ಟಿ.ವಿ. ಮಾತಾಡುತ್ತಿತ್ತು, ಮಾಸ್ತರರ ಮಾತು ಅದಕ್ಕೆ ಕೇಳುತ್ತಿರಲಿಲ್ಲ.

1996ರ ಜನವರಿಯಲ್ಲಿ ನಮ್ಮ ರಾಜ್ಯದಲ್ಲೇ ಇದಕ್ಕೊಂದು ದಾರಿ ಹುಡುಕಿದರು. 20 ಕೇಂದ್ರಗಳಲ್ಲಿ ಸುಮಾರು 850 ಶಿಕ್ಷಕರು ಉಪಗ್ರಹದ ಪಾಠ ನೋಡಿ, ಕೂತಲ್ಲಿಂದಲೇ ಪರಿಣತರಿಗೆ ಪ್ರಶ್ನೆ ಕೇಳಿದರು. 2017ರಲ್ಲಿ ಕಾಯಿದೆ ತಿದ್ದಿ, ತರಬೇತಿಯಿಲ್ಲದ ಶಿಕ್ಷಕರೆಲ್ಲ 2019ರ ಮಾರ್ಚ್ 31ರೊಳಗೆ ತರಬೇತಿ ಮುಗಿಸಬೇಕೆಂದರು. ದೇಶದಲ್ಲಿ 10 ಲಕ್ಷಕ್ಕೂ ಹೆಚ್ಚು ಮಂದಿ ಹೆಸರು ಹಚ್ಚಿದರು. ಪಾಠ ಟಿ.ವಿ.ಗೂ ಬಂತು, ಮೊಬೈಲಿಗೂ ಬಂತು.

ಬರಲಿ. ಮನೆ, ಮಕ್ಕಳನ್ನು ಬಿಟ್ಟು ಹೋಗಲಾರದ ನಮ್ಮ ಅಕ್ಕತಂಗಿಯರು ಊರಲ್ಲಿದ್ದೇ ಟೀಚರಾಗಲು ಇದು ದಾರಿ. ನಮ್ಮ ತಕರಾರು ಬೇರೆ.

ನಾವು ಕಲಿತ ಶಾಲೆಯಲ್ಲಿ ಒಬ್ಬ ಮಾಸ್ತರರಿದ್ದರು. ನಮ್ಮ ಪಾಟಿ ಮುಟ್ಟುತ್ತಿರಲಿಲ್ಲ. ನಿಂತಲ್ಲಿಂದಲೇ 'ತಪ್ಪದ, ಅಳಸು' ಅನ್ನುತ್ತಿದ್ದರು. ಎಲ್ಲಿ ತಪ್ಪಿದೆ ಅಂತ ನಮಗೆ ತಿಳೀತಿರಲಿಲ್ಲ. ಅವರ ಹತ್ತಿರ ತರಬೇತಿಯ ಸರ್ಟಿಫಿಕೇಟು ಇತ್ತು. ಉಪಗ್ರಹ ಸಾವಿರಾರು ಮೈಲಿ ದಾಟೀತು, ಆ ಮಾಸ್ತರರಿಗೂ ನಮ್ಮ ಪಾಟಿಗೂ ನಡುವಿನ ಎರಡು ಮಾರು ದಾಟಿಸುವವರು ಯಾರ್ರಿ?

ಅದಕ್ಕೇ ನಮ್ಮ ಬೇಡಿಕೆ ಇಷ್ಟು. ಶಾಲೆಯೊಳಗಿನ ಅಸ್ಪೃಶ್ಯತೆ ತರಬೇತಿಯ ಒಂದು ಪಾಠವಾಗಲಿ, ಪರೀಕ್ಷೆಯ ಪ್ರಶ್ನೆಯೂ ಆಗಲಿ. ಪರದೆಯ ಪಾಠ ಮುಗಿದ ಮೇಲೆ ತಿಳಿದವರೊಬ್ಬರು ಶಾಲೆಗೇ ಬಂದು, ಮಕ್ಕಳು ಎಲ್ಲಿ ಕೂತಿದ್ದಾರೆ, ನೀರು ಹ್ಯಾಂಗ ಕುಡೀತಾರೆ ಅಂತ ಕಣ್ಣಾರೆ ನೋಡಲಿ. ಕನ್ನಡ, ಮರಾಠಿ, ಉರ್ದು, ತೆಲುಗು ಬೆರೆತ ಈ ಬೀದರ ಸೀಮೆಯ ಮಗುವಿನ ಮಾತು ತಪ್ಪಲ್ಲ ಅಂತ ಬೆಂಗಳೂರಿನ ಪಾಠವೂ ಹೇಳಲಿ. ತರಬೇತಿಗೆ ಕೂತ ಮಾಸ್ತರು ಕೇರಿಗೆ ಬರಲಿ, ನಮ್ಮ ಅವ್ವಂದಿರ ಜೊತೆ ಚಾ ಕುಡಿದು ಮಾತಾಡಲಿ.

ಪಾಠ ದೂರದಿಂದ ಬಂದರೂ ಚಿಂತೆಯಿಲ್ಲ. ಮಾಸ್ತರು ಹತ್ತಿರ ಬರಬೇಕು.

ಜೈ ಭೀಮ್.