ಕಾರ್ಪೊರೇಷನ್ನಿನ ವಕೀಲ ಯಾರ ವಕೀಲ?

(ವಿದ್ಯಾರ್ಥಿ ನಿಲಯವೊಂದರ ಸಭೆಯಲ್ಲಿ ಆಡಿದ ಮಾತುಗಳು)

ಕವಿತೆ ಓದು ಅಂತ ನನ್ನ ಕರೆದಿದ್ದೀರಿ. ಇವತ್ತು ಕವಿತೆ ಬೇಡ. ಒಂದು ಕಾಗದದ ವಿಷಯ ಹೇಳ್ತೀನಿ.

ನಮ್ಮ ಚಿಕ್ಕವ್ವನ ಗುಡಿಸಲ ಬಾಗಿಲಿಗೆ ಒಂದು ದಿನ ನೋಟೀಸು ಅಂಟಿಸಿ ಹೋದರು. ಚಿಕ್ಕವ್ವ ಅದನ್ನ ಹರಿಯದ ಹಾಗೆ ಬಿಡಿಸಿ, ಸೆರಗಲ್ಲಿ ಕಟ್ಟಿಕೊಂಡು ನನ್ನ ಹತ್ರ ಬಂದಳು. "ಬಿ.ಎ. ಓದಿದ್ದೀಯಲ್ಲ, ಏನ್ ಬರ್ದವ್ರೆ ನೋಡ್ಲಾ ಮಗ" ಅಂದಳು. ಓದಿದೆ. ಅದರಲ್ಲಿ ಕಲಂ ಇತ್ತು, ಉಪಕಲಂ ಇತ್ತು, ‘ತಪ್ಪಿದಲ್ಲಿ’ ಅಂತ ಇತ್ತು. ಪಂಪನಿಂದ ನವ್ಯದವರೆಗೆ ಪಾಠ ಕೇಳಿದ ನನಗೆ ಆ ಒಂದು ಪುಟ ಅರ್ಥವಾಗಲಿಲ್ಲ. "ಏನಿಲ್ಲ ಬಿಡು ಚಿಕ್ಕವ್ವ, ಸುಮ್ಮನೆ ಹೆದರಿಸ್ತಾರೆ" ಅಂದೆ. ಉತ್ತರ ಕೊಡೋಕೆ ಏಳು ದಿನ ಅಂತ ಕೆಳಗೆ ಬರೆದಿತ್ತು. ಹತ್ತನೇ ದಿನ ಗುಡಿಸಲು ಇರಲಿಲ್ಲ. ಚಿಕ್ಕವ್ವ ನನ್ನ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಕೇಳ್ತಾ ಹೋದೆ, ಇಂಥ ಕಾಗದದ ಹಿಂದೆ ಯಾರಿರ್ತಾರೆ ಅಂತ. ದೊಡ್ಡ ನಗರಪಾಲಿಕೆಗಳಲ್ಲಿ ಕಾನೂನು ವಿಭಾಗ ಅಂತ ಒಂದಿರುತ್ತೆ. ಅಲ್ಲಿ ಬುಲ್‌ಡೋಜರ್ ಇಲ್ಲ, ಲಾಠಿ ಇಲ್ಲ. ಬರೀ ಫೈಲು. ಅಧಿಕಾರಿಗಳು ಕೇಳಿದ್ದಕ್ಕೆ ಕಾನೂನಿನ ಅಭಿಪ್ರಾಯ ಬರೆಯೋದು, ಗುತ್ತಿಗೆಯ ಕರಾರುಗಳನ್ನ ತಿದ್ದೋದು, ನೋಟೀಸಿನ ಮಾತು ಕೋರ್ಟಲ್ಲಿ ನಿಲ್ಲುತ್ತಾ ಅಂತ ನೋಡೋದು, ಕೇಸು ಬಿದ್ದರೆ ವಕೀಲರನ್ನ ಗೊತ್ತು ಮಾಡಿ ಅವರ ಕೈಗೆ ಕಂಡಿಕೆವಾರು ಉತ್ತರ ಕೊಡೋದು, ಸೋತರೆ ಅಪೀಲು ಹೋಗಬೇಕಾ ಬೇಡವಾ ಹೇಳೋದು, ಇವೆಲ್ಲ ಅವರ ಕೆಲಸ. ನಾವು ತಡೆಯಾಜ್ಞೆ ತರಬಹುದು ಅಂತ ಅನುಮಾನ ಬಂದರೆ ಮೊದಲೇ ಕೋರ್ಟಲ್ಲಿ ಕೇವಿಯೆಟ್ ಹಾಕಿಡಬಹುದು. ಅಂದರೆ ‘ನಮ್ಮ ಮಾತು ಕೇಳದೆ ಆಜ್ಞೆ ಮಾಡಬೇಡಿ’ ಅಂತ. ನೋಡಿ ಹೇಗಿದೆ! ಚಿಕ್ಕವ್ವನ ಮಾತು ಕೇಳದೆ ಗುಡಿಸಲು ಕಿತ್ತವರು, ತಮ್ಮ ಮಾತು ಮಾತ್ರ ಕೇಳಲೇಬೇಕು ಅಂತಾರೆ. ಈ ವಕೀಲರ ಫೀಸು ಊರಿನ ದುಡ್ಡು. ಬೆಂಕಿಪೊಟ್ಟಣ ಕೊಳ್ಳುವಾಗಲೂ ತೆರಿಗೆ ಕಟ್ಟುವ ಚಿಕ್ಕವ್ವನ ಪಾಲೂ ಸರ್ಕಾರದ ಬೊಕ್ಕಸದಲ್ಲಿದೆ.

ಮುಂಬಯಿಯ ಒಂದು ಕೇಸು ಎಲ್ಲರಿಗೂ ಗೊತ್ತಿರಬೇಕು. 1981ರ ಜುಲೈ. ಮಳೆಗಾಲ. ಮುಖ್ಯಮಂತ್ರಿ ಎ.ಆರ್. ಅಂತುಳೆ ಫುಟ್‌ಪಾತಿನ ಜನರನ್ನ ಎತ್ತಂಗಡಿ ಮಾಡಿ ಅವರವರ ಊರಿಗೆ ಅಟ್ಟಿ ಅಂದರು. ಕಾರ್ಪೊರೇಷನ್ ಗುಡಿಸಲು ಕೀಳೋಕೆ ಶುರು ಮಾಡಿತು. ಅದರ ಕೈಯಲ್ಲಿದ್ದದ್ದು 1888ರ ಮುನಿಸಿಪಲ್ ಕಾಯಿದೆಯ 314ನೇ ಕಲಂ. ನೋಟೀಸು ಕೊಡದೆಯೂ ತೆಗೆಸಬಹುದು ಅನ್ನುವ ಕಲಂ. ಬಿಳಿಯರು ಬರೆದಿಟ್ಟು ಹೋದ ಕಲಂ ನಮ್ಮ ಜನರ ಮೇಲೆ ಬಿತ್ತು. ಜನ ಮತ್ತು ಓಲ್ಗಾ ಟೆಲಿಸ್ ಅನ್ನುವ ಪತ್ರಕರ್ತೆ ಸುಪ್ರೀಂ ಕೋರ್ಟಿಗೆ ಹೋದರು. ‘ಇವರು ಅತಿಕ್ರಮಣಕಾರರು’ ಅಂತ ಪಾಲಿಕೆಯ ಕಡೆಯವರು ವಾದ ಮಾಡಿದರು. 1981ರ ಅಕ್ಟೋಬರ್ 15ರ ಮೇಲೆ ಅಡ್ಡಿ ಮಾಡಲ್ಲ ಅಂತ ಇವರ ಪರವಾಗಿ ಹೈಕೋರ್ಟಲ್ಲಿ ಒಪ್ಪಿಕೊಂಡಾಗಿದೆ, ಈಗ ಹಕ್ಕು ಕೇಳಂಗಿಲ್ಲ ಅಂದರು.

1985ರ ಜುಲೈ 10ರಂದು ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್ ಅವರಿದ್ದ ಐದು ಜನರ ಪೀಠ ತೀರ್ಪು ಕೊಟ್ಟಿತು. ಮೂಲಭೂತ ಹಕ್ಕನ್ನ ಯಾರೂ ಬಿಟ್ಟುಕೊಡೋಕೆ ಆಗಲ್ಲ. ಜೀವಿಸುವ ಹಕ್ಕಲ್ಲಿ ಹೊಟ್ಟೆಪಾಡಿನ ಹಕ್ಕೂ ಸೇರಿದೆ. ನೋಟೀಸಿಲ್ಲದೆ ತೆಗೆಸಬಹುದು ಅಂತ ಕಾಯಿದೆ ಹೇಳಿದರೆ, ನೋಟೀಸು ಕೊಡಲೇಬಾರದು ಅಂತ ಅರ್ಥವಲ್ಲ. ಎಂಥ ಮಾತುಗಳು! ಕಾಲೇಜಲ್ಲಿ ಇಷ್ಟು ಹೇಳಿ ಪಾಠ ಮುಗಿಸ್ತಾರೆ. ಆದರೆ ಕೊನೇ ಪುಟದವರೆಗೂ ಓದಬೇಕು. 314ನೇ ಕಲಂ ಉಳೀತು. ಮಳೆಗಾಲ ಮುಗಿದು ಅಕ್ಟೋಬರ್ 31 ಕಳೆದ ಮೇಲೆ ಗುಡಿಸಲು ತೆಗೆಸಬಹುದು ಅಂತ ಆಯಿತು. ಹಕ್ಕು ಪುಸ್ತಕಕ್ಕೆ ಬಂತು, ಸೂರು ಹೋಯಿತು.

ಇನ್ನೊಂದು ಊರು ನೋಡಿ, ಮಧ್ಯಪ್ರದೇಶದ ರತ್ಲಾಂ. ಚರಂಡಿ ಕಟ್ಟಿಸಿ, ಕಕ್ಕಸು ಕಟ್ಟಿಸಿ ಅಂತ ಜನ ಕೇಳಿದರು. ಮ್ಯಾಜಿಸ್ಟ್ರೇಟರು ಕಟ್ಟಿಸಿ ಅಂತ ಆದೇಶ ಮಾಡಿದರು. ಮುನಿಸಿಪಾಲಿಟಿ ಏನು ಮಾಡಿತು? ದುಡ್ಡಿಲ್ಲ ಅಂತು. ದುಡ್ಡಿಲ್ಲ ಅಂತ ಹೇಳೋಕೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು! ಚರಂಡಿಗೆ ಇಲ್ಲದ ದುಡ್ಡು ಅಪೀಲಿಗೆ ಎಲ್ಲಿಂದ ಬಂತು? 1980ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ದುಡ್ಡಿಲ್ಲ ಅನ್ನೋದು ನೆಪವಾಗಲ್ಲ ಅಂತ ತೀರ್ಪು ಬರೆದರು.

ಬಾಬಾಸಾಹೇಬರಿಗೆ ಇದು ಹೊಸದಾಗಿರಲಿಲ್ಲ. ಮಹಾಡದ ಚೌದಾರ್ ಕೆರೆಯನ್ನ ಎಲ್ಲರಿಗೂ ತೆರೆದಿದೆ ಅಂತ ಅಲ್ಲಿನ ಮುನಿಸಿಪಾಲಿಟಿ 1924ರಲ್ಲೇ ಠರಾವು ಮಾಡಿತ್ತು. ಠರಾವು ಪುಸ್ತಕದಲ್ಲಿತ್ತು, ನೀರು ಕೆರೆಯಲ್ಲಿತ್ತು, ನಮ್ಮವರು ದಡದಲ್ಲಿದ್ದರು. 1927ರ ಮಾರ್ಚಿಯಲ್ಲಿ ಬಾಬಾಸಾಹೇಬರು ಆ ನೀರು ಮುಟ್ಟಿದರು. ಅದೇ ವರ್ಷ ಮುನಿಸಿಪಾಲಿಟಿ ಠರಾವು ವಾಪಸು ತಗೊಂಡಿತು. ಸವರ್ಣೀಯರು ದಾವೆ ಹೂಡಿ ತಡೆಯಾಜ್ಞೆ ತಂದರು. ಬಾಬಾಸಾಹೇಬರು ಹತ್ತು ವರ್ಷ ಆ ಕೇಸು ನಡೆಸಿದರು. 1937ರಲ್ಲಿ ಮುಂಬಯಿ ಹೈಕೋರ್ಟು ‘ಅನಾದಿ ರೂಢಿ ಅಂತೀರಿ, ಸಾಬೀತು ಎಲ್ಲಿ?’ ಅನ್ನುವ ಹಾಗೆ ಎದುರಿನವರ ಅಪೀಲು ತಳ್ಳಿಹಾಕಿತು. ಅವರು ಬೀದಿಗೂ ಇಳಿದರು, ಕಾಗದವನ್ನೂ ಬಿಡಲಿಲ್ಲ. ನಾವು ಬೀದಿಗೆ ಮಾತ್ರ ಇಳೀತೀವಿ.

ಅದಕ್ಕೇ ಕೇಳ್ತೀನಿ. ಇನ್ನು ಮೇಲೆ ಕೇರಿಗೆ ನೋಟೀಸು ಬಂದರೆ ನಾಲ್ಕು ನೋಡಿ: ಯಾವ ಕಲಂ, ಎಷ್ಟು ದಿನ, ಉತ್ತರ ಯಾರಿಗೆ, ಸಹಿ ಯಾರದು. ದಿನ ಮೀರೋಕೆ ಮುಂಚೆ ಬರವಣಿಗೆಯಲ್ಲಿ ಉತ್ತರ ಕೊಟ್ಟು ಪ್ರತಿಗೆ ಮೊಹರು ಹಾಕಿಸಿಕೊಳ್ಳಿ. ವಕೀಲರಿಗೆ ದುಡ್ಡಿಲ್ಲ ಅಂತ ಕೂರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ 12ನೇ ಕಲಮಿನಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ವಕೀಲರ ನೆರವು ಪುಕ್ಕಟೆ. ಆದಾಯದ ಮಿತಿ ಇಲ್ಲ. ಇದು ಭಿಕ್ಷೆಯಲ್ಲ, ಹಕ್ಕು. ಜಿಲ್ಲಾ ಕೋರ್ಟಿನ ಆವರಣದಲ್ಲಿ ಕೇಳಿ. ಎಲ್ಎಲ್.ಬಿ. ಓದುವ ಗೆಳೆಯರೆ, ನೀವು ಆ ಕಾನೂನು ವಿಭಾಗದ ಕುರ್ಚಿಯಲ್ಲೂ ಕೂರಬೇಕು. ಕೂತ ಮೇಲೆ, ಸಹಿ ಹಾಕೋ ಮುಂಚೆ, ಆ ಬಾಗಿಲ ಹಿಂದೆ ಯಾರಿದ್ದಾರೆ ಅಂತ ಒಂದು ಸಲ ಕೇಳಬೇಕು.

ಚಿಕ್ಕವ್ವನ ಆ ನೋಟೀಸು ಈಗಲೂ ನನ್ನ ಹತ್ರ ಇದೆ. ಇವತ್ತು ತಂದಿದ್ದೀನಿ. ಊಟ ಆದ ಮೇಲೆ ಯಾರೂ ರೂಮಿಗೆ ಹೋಗಬೇಡಿ. ಎಲ್ಲರೂ ಕೂತು ಅದನ್ನ ಓದೋಣ.

ಜೈ ಭೀಮ್.