ಮತಭೇದವೂ ಮುಕ್ತಿಯೂ

(ಶ್ರೀಮಠದ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಉಪನ್ಯಾಸ)

॥ ಓಂ ನಮಃ ಶಿವಾಯ ॥



ಒಂದೇ ದೇವರನ್ನು ನಂಬಿ, ಒಂದೇ ದೀಕ್ಷೆಯನ್ನು ಪಡೆದ ಜನರು ತಮ್ಮೊಳಗೆ ಪಂಥಪಂಥಗಳಾಗಿ ಒಡೆದು, ತಮ್ಮ ಪಂಥದವರಿಗಷ್ಟೇ ಮುಕ್ತಿಯುಂಟು, ಉಳಿದವರಿಗಿಲ್ಲವೆಂದು ವಾದಿಸುವದು ಒಂದೇ ದೇಶದ ರೋಗವಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಈ ಸೀಮೆಯಲ್ಲಿ ಗುರುವರ್ಗದ ಮಠಗಳೂ ವಿರಕ್ತವರ್ಗದ ಮಠಗಳೂ ನೆರೆಹೊರೆಯಲ್ಲಿಯೇ ಇರುವವು. ಭಕ್ತರ ಮನೆತನಗಳು ತಲೆತಲಾಂತರದಿಂದ ಒಂದೊಂದು ಮಠಕ್ಕೆ ನಡೆದುಕೊಳ್ಳುತ್ತ ಬಂದಿವೆ. ಹೀಗಿರಲಾಗಿ ಒಂದು ಮನೆಗೆ ಸೊಸೆ ಬರುವಳು. ಅವಳಿಗೆ ತವರೂರಿನ ಮಠದಲ್ಲಿ ಲಿಂಗದೀಕ್ಷೆಯಾಗಿರುವದು. ಗಂಡನ ಮನೆಯವರು ಬೇರೊಂದು ಪರಂಪರೆಯ ಒಕ್ಕಲು. ಆಗ ಮನೆಯ ಹಿರಿಯರಲ್ಲಿ ಯಾರಾದರೊಬ್ಬರು, ಇವಳಿಗೆ ಮತ್ತೊಮ್ಮೆ ದೀಕ್ಷೆಯಾಗಬೇಕೋ ಬೇಡವೋ ಎಂದು ಕೇಳಿಯೇ ಕೇಳುವರು. ಕೇಳುವಾಗ ದನಿ ಮೆಲ್ಲಗಿದ್ದರೂ ಪ್ರಶ್ನೆ ದೊಡ್ಡದು. ಮೊದಲಿನ ದೀಕ್ಷೆಯಿಂದ ಅವಳು ಲಿಂಗೈಕ್ಯಕ್ಕೆ ಅಧಿಕಾರಿಣಿಯಾದಳೋ ಇಲ್ಲವೋ ಎಂಬುದೇ ಅದರ ಒಳಗಿನ ಅರ್ಥವು.

ಇದೇ ಪ್ರಶ್ನೆಯನ್ನು ಕ್ರೈಸ್ತರು ಸುಮಾರು ಸಾವಿರದ ಏಳುನೂರು ವರ್ಷಗಳಿಂದ ತಮ್ಮೊಳಗೆ ವಿಚಾರಿಸುತ್ತ ಬಂದಿರುವರು. ವಿಚಾರದಿಂದ ಬಗೆಹರಿಯದಲ್ಲಿ ಕತ್ತಿಯಿಂದಲೂ ಬಗೆಹರಿಸಲು ನೋಡಿದರು. ಅವರ ಕಥೆಯನ್ನು ಲಿಂಗವಂತರ ಮಠದಲ್ಲಿ ಹೇಳುವದೇಕೆಂದು ಯಾರೂ ಆಕ್ಷೇಪಿಸಬೇಕಾಗಿಲ್ಲ. ಜೈನನಾದ ರನ್ನಕವಿಯು ಮುಧೋಳದ ಮಗನೆಂದು ಈ ಸೀಮೆಯ ಶೈವರೂ ಹೆಮ್ಮೆಪಡುವರು. ತೇರದಾಳದಲ್ಲಿ ನೇಮಿನಾಥನ ಬಸದಿಯೂ ಅಲ್ಲಮಪ್ರಭುವಿನ ಗುಡಿಯೂ ಒಂದೇ ಊರಿನಲ್ಲಿರುವವು. ಪರಮತದ ಮಾತನ್ನು ಕೇಳಿ ತೂಗಿನೋಡುವದು ಇಲ್ಲಿಯವರಿಗೆ ಹೊಸದಲ್ಲ.

ಹತ್ತಿರದಿಂದಲೇ ಪ್ರಾರಂಭಿಸಬಹುದು. ಬೀಳಗಿಯಿಂದ ದಕ್ಷಿಣಕ್ಕೆ, ಘಟಪ್ರಭೆಯನ್ನು ದಾಟಿ ಹೋದರೆ ಗುಳೇದಗುಡ್ಡವು ಸಿಕ್ಕುವದು. ರಬಕವಿ-ಬನಹಟ್ಟಿಗಳಂತೆ ಅದೂ ನೇಕಾರರ ಊರು. 1851ರಲ್ಲಿ ಬಾಸೆಲ್ ಮಿಶನ್ನಿನವರು ಅಲ್ಲಿ ತಮ್ಮ ಠಾಣ್ಯವನ್ನು ಸ್ಥಾಪಿಸಿದರು. ಈ ಮಿಶನ್ನು 1815ರಲ್ಲಿ ಸ್ವಿಟ್ಝರ್ಲಂಡದ ಬಾಸೆಲ್ ಪಟ್ಟಣದಲ್ಲಿ ಹುಟ್ಟಿ, 1834ರಲ್ಲಿ ಮಂಗಳೂರಿಗೆ ಬಂದು, 1837ರಲ್ಲಿ ಧಾರವಾಡಕ್ಕೆ ಏರಿಬಂದಿತು. ಇದರಲ್ಲಿ ಒಂದು ವಿಶೇಷವುಂಟು. ಇದಕ್ಕೆ ಸೇರಿದ ಉಪದೇಶಕರಲ್ಲಿ ಜರ್ಮನಿಯ ವುರ್ಟೆಂಬರ್ಗ್ ಸೀಮೆಯಿಂದ ಬಂದವರು ಲೂಥರನ ಮತದವರು. ಸ್ವಿಸ್ ದೇಶದವರು ಜ್ವಿಂಗ್ಲಿ, ಕಾಲ್ವಿನ್ ಇವರ ಸುಧಾರಿತ ಸಭೆಯವರು. ಈ ಎರಡು ಪಕ್ಷಗಳು ಬೇರೆಯಾದುದು 1529ರಲ್ಲಿ, ಮಾರ್ಬುರ್ಗ್ ಎಂಬ ಪಟ್ಟಣದ ಕೋಟೆಯಲ್ಲಿ. ಲೂಥರನೂ ಜ್ವಿಂಗ್ಲಿಯೂ ಅಲ್ಲಿ ಎದುರೆದುರು ಕುಳಿತು ಹದಿನೈದು ವಿಷಯಗಳನ್ನು ಚರ್ಚಿಸಿದರು. ಹದಿನಾಲ್ಕರಲ್ಲಿ ಒಮ್ಮತವಾಯಿತು. ಹದಿನೈದನೆಯದರಲ್ಲಿ ತಡೆಯಿತು.

ಆ ಹದಿನೈದನೆಯದು ಲಿಂಗವಂತರಿಗೆ ಸುಲಭವಾಗಿ ತಿಳಿಯತಕ್ಕ ವಿಷಯವೇ ಆಗಿದೆ. ಕ್ರೈಸ್ತರಲ್ಲಿ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಪ್ರಸಾದವಾಗಿ ಸ್ವೀಕರಿಸುವ ಕರ್ತನ ಭೋಜನವೆಂಬ ಆಚಾರವಿದೆ. ರೋಮಿನ ಸಭೆಯವರು, ಮಂತ್ರದ ಬಲದಿಂದ ಆ ರೊಟ್ಟಿಯ ದ್ರವ್ಯವೇ ಕ್ರಿಸ್ತನ ದೇಹವಾಗುವದು, ರೂಪರುಚಿಗಳು ಮಾತ್ರ ರೊಟ್ಟಿಯವಾಗಿ ಉಳಿಯುವವೆನ್ನುವರು. ಲೂಥರನು, ರೊಟ್ಟಿಯು ರೊಟ್ಟಿಯಾಗಿಯೇ ಇದ್ದು ಅದರೊಡನೆ ಕ್ರಿಸ್ತನ ದೇಹವೂ ನಿಜವಾಗಿ ಇರುವದೆಂದನು. ಜ್ವಿಂಗ್ಲಿಯು ಅದು ಸ್ಮರಣೆಗಾಗಿರುವ ಕುರುಹು ಎಂದನು. ಪದಾರ್ಥವು ಪ್ರಸಾದವಾಗುವದು ಹೇಗೆಂದು ಇಲ್ಲಿಯ ಮಠಗಳ ಪಡಸಾಲೆಯಲ್ಲಿ ಕೇಳಿದರೂ ಮೂವರು ಮೂರು ಬಗೆಯಾಗಿಯೇ ವಿವರಿಸುವರಲ್ಲವೇ? ಆದರೂ ಪ್ರಸಾದವನ್ನು ಸ್ವೀಕರಿಸುವ ಭಕ್ತನ ಕೈ ಆ ವಿವರಣೆ ಮುಗಿಯುವವರೆಗೆ ತಡೆಯುವದಿಲ್ಲ. ಯುರೋಪದಲ್ಲಿ ಮಾತ್ರ ತಡೆಯಿತು. ಲೂಥರನ ಸಭೆಯೂ ಸುಧಾರಿತ ಸಭೆಯೂ ಬೇರೆ ಬೇರೆ ಪಂಕ್ತಿಗಳಾದವು. ಬಾಸೆಲ್ ಮಿಶನ್ನು ಈ ಇಬ್ಬರನ್ನೂ ಒಂದೇ ಸಂಸ್ಥೆಯಲ್ಲಿ ಇರಿಸಿಕೊಂಡು ಕೆಲಸಮಾಡಿತೆಂದರೆ, ಆ ಹದಿನೈದನೆಯ ವಿಷಯವು ಮನುಷ್ಯನ ರಕ್ಷಣೆಗೆ ಅಡ್ಡಬರುವದಿಲ್ಲವೆಂದು ಅದನ್ನು ನಡೆಸಿದವರು ಬಾಯಿಂದ ಹೇಳದಿದ್ದರೂ ನಡತೆಯಿಂದ ಒಪ್ಪಿದಂತಾಯಿತು. ಕ್ರೈಸ್ತರು ರಕ್ಷಣೆಯೆನ್ನುವದು ಪಾಪದಿಂದ ಬಿಡುಗಡೆಹೊಂದಿ ದೇವರ ಸನ್ನಿಧಿಯಲ್ಲಿ ನಿತ್ಯಜೀವವನ್ನು ಪಡೆಯುವದಕ್ಕೆ. ಲಿಂಗಾಂಗಸಾಮರಸ್ಯವೆಂಬುದು ಅದಕ್ಕೆ ಸಮಾನಾರ್ಥಕವಲ್ಲ. ಆದರೆ ಎರಡೂ ಕಡೆಯಲ್ಲಿ ಪರಮಪುರುಷಾರ್ಥದ ಮಾತೇ ಇದೆ.

ಇನ್ನು ಮರುದೀಕ್ಷೆಯ ಪ್ರಶ್ನೆ. ಕ್ರಿಸ್ತಶಕ ಮೂರನೆಯ ಶತಮಾನದ ಮಧ್ಯದಲ್ಲಿ ಆಫ್ರಿಕಾ ಖಂಡದ ಕಾರ್ಥೇಜಿನಲ್ಲಿ ಸಿಪ್ರಿಯನ್ ಎಂಬ ಬಿಶಪ್ಪನಿದ್ದನು. ಸಭೆಯಿಂದ ಒಡೆದುಹೋದವರ ಕೈಯಿಂದ ದೀಕ್ಷಾಸ್ನಾನವನ್ನು ಪಡೆದವನು ತಿರುಗಿ ಬಂದರೆ ಅವನಿಗೆ ಪುನಃ ಸ್ನಾನವಾಗಬೇಕು, ಮೊದಲಿನದು ಬರಿಯ ನೀರು ಎಂಬುದು ಅವನ ಸಿದ್ಧಾಂತವು. ರೋಮಿನ ಬಿಶಪ್ಪ ಸ್ಟೀಫನನು ಅದನ್ನು ಒಪ್ಪಲಿಲ್ಲ. ಸ್ನಾನವು ಒಮ್ಮೆ ಆಯಿತೆಂದರೆ ಆಯಿತು ಎಂದನು. ಇಬ್ಬರೂ ದೊಡ್ಡವರು, ಇಬ್ಬರನ್ನೂ ರೋಮಿನ ಸಭೆಯು ಸಂತರೆಂದೇ ಎಣಿಸುವದು. ಅನಂತರ 303ರಲ್ಲಿ ಡಯೊಕ್ಲೀಶಿಯನ್ ಚಕ್ರವರ್ತಿಯು ಕ್ರೈಸ್ತರನ್ನು ಹಿಂಸಿಸತೊಡಗಿದಾಗ ಕೆಲವು ಬಿಶಪ್ಪರು ಅಂಜಿ ತಮ್ಮ ಧರ್ಮಗ್ರಂಥಗಳನ್ನು ಸರದಾರರ ಕೈಗೆ ಒಪ್ಪಿಸಿದರು. ಹಿಂಸೆಯು ನಿಂತ ಮೇಲೆ ಡೊನೇಟಸನ ಪಕ್ಷದವರು, ಹಾಗೆ ಧರ್ಮವನ್ನು ಬಿಟ್ಟುಕೊಟ್ಟವರ ಹಸ್ತದಿಂದ ಪಡೆದ ಪಟ್ಟವೂ ಸಲ್ಲದು, ಅವರು ಮಾಡಿದ ದೀಕ್ಷೆಯೂ ಸಲ್ಲದು ಎಂದು ಎದ್ದುನಿಂತರು. ಈ ಜಗಳವು ನೂರು ವರ್ಷ ಮೀರಿ ನಡೆಯಿತು. ಅಗಸ್ಟೀನನು ಇದಕ್ಕೆ ಕೊಟ್ಟ ಸಮಾಧಾನವು ಲಕ್ಷ್ಯವಿಟ್ಟು ಕೇಳತಕ್ಕದ್ದು. ಸ್ನಾನಮಾಡಿಸುವ ಮನುಷ್ಯನು ನಿಮಿತ್ತಮಾತ್ರನು, ನಿಜವಾಗಿ ಮಾಡಿಸುವವನು ಕ್ರಿಸ್ತನೇ. ಆದುದರಿಂದ ಮಾಡಿಸಿದವನ ದೋಷವು ಮಾಡಿಸಿಕೊಂಡವನಿಗೆ ತಗಲದು ಎಂಬುದೇ ಅವನ ಯುಕ್ತಿಯ ಸಾರ. 411ರಲ್ಲಿ ಕಾರ್ಥೇಜಿನಲ್ಲಿ ಎರಡೂ ಪಕ್ಷದ ಬಿಶಪ್ಪರು ಕೂಡಿದ ಸಭೆಯಲ್ಲಿ ಡೊನೇಟಸನ ಪಕ್ಷವು ಸೋತಿತು. ಸೋತವರ ಮೇಲೆ ರಾಜಶಾಸನವು ಬಿದ್ದಿತೆಂಬುದನ್ನೂ, ಅಗಸ್ಟೀನನು ಅದಕ್ಕೆ ಸಮ್ಮತಿಸಿದನೆಂಬುದನ್ನೂ ಮರೆಯಲಾಗದು. ಸದ್ಯುಕ್ತಿಯನ್ನು ಹೇಳಿದವನೇ ದಂಡವನ್ನೂ ಒಪ್ಪಿದನು!

ಸಾವಿರ ವರ್ಷಗಳ ತರುವಾಯ ಇದೇ ನೀರು ಇನ್ನೊಂದು ರೀತಿಯಿಂದ ಪ್ರಾಣವನ್ನು ತೆಗೆದುಕೊಂಡಿತು. ಶಿಶುವಿಗೆ ಮಾಡಿದ ಸ್ನಾನವು ಸ್ನಾನವೇ ಅಲ್ಲ, ತಿಳುವಳಿಕೆ ಬಂದ ಮೇಲೆ ಮತ್ತೆ ಆಗಬೇಕು ಎಂದ ಫೆಲಿಕ್ಸ್ ಮಾಂಟ್ಸ್ ಎಂಬವನನ್ನು 1527ರ ಜನವರಿಯಲ್ಲಿ ಜೂರಿಚ್ ಪಟ್ಟಣದ ಅಧಿಕಾರಿಗಳು ಲಿಮ್ಮಟ್ ನದಿಯಲ್ಲಿ ಮುಳುಗಿಸಿ ಕೊಂದರು. ಕೊಂದವರು ರೋಮಿನವರಲ್ಲ, ಸ್ವತಃ ರೋಮಿನಿಂದ ಬಿಡುಗಡೆ ಹೊಂದಿದ ಸುಧಾರಕರ ಪಟ್ಟಣವೇ ಅದು.

ಇಷ್ಟೆಲ್ಲ ಆದ ಮೇಲೆ ಅವರ ಸಭೆಗಳು ಈಗ ಏನನ್ನುವವು? 1442ರಲ್ಲಿ ಫ್ಲಾರೆನ್ಸಿನ ಮಹಾಸಭೆಯು ರೋಮಿನ ಸಭೆಯ ಹೊರಗಿರುವ ಯಾರಿಗೂ ನಿತ್ಯಜೀವವಿಲ್ಲವೆಂದು ಸಾರಿತ್ತು. 1547ರಲ್ಲಿ ಟ್ರೆಂಟಿನ ಮಹಾಸಭೆಯು, ಮನುಷ್ಯನು ವಿಶ್ವಾಸವೊಂದರಿಂದಲೇ ನೀತಿವಂತನಾಗುವನೆಂಬ ಬೋಧೆಯ ಮೇಲೆ ಶಾಪವಾಕ್ಯಗಳನ್ನು ಬರೆಯಿತು. ಅದೇ ರೋಮಿನ ಸಭೆಯು 1964ರ ವ್ಯಾಟಿಕನ್ ಮಹಾಸಭೆಯ ನಿರ್ಣಯದಲ್ಲಿ, ಕ್ರಿಸ್ತನನ್ನು ನಂಬಿ ಸರಿಯಾಗಿ ದೀಕ್ಷಾಸ್ನಾನ ಹೊಂದಿದವರು ಪರಿಪೂರ್ಣವಲ್ಲದಿದ್ದರೂ ಒಂದು ನಿಜವಾದ ಸಂಬಂಧದಲ್ಲಿರುವರೆಂದೂ, ಅವರ ಸಭೆಗಳನ್ನೂ ದೇವರು ರಕ್ಷಣೆಯ ಸಾಧನವಾಗಿ ಬಳಸುವನೆಂದೂ ಒಪ್ಪಿಕೊಂಡಿತು. 1999ರ ಅಕ್ಟೋಬರ 31ರಂದು ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಲೂಥರನ ಸಭೆಗಳ ಜಾಗತಿಕ ಸಂಘವೂ ರೋಮಿನ ಸಭೆಯೂ ಕೂಡಿ ಒಂದು ಪತ್ರಕ್ಕೆ ಸಹಿಮಾಡಿದವು. ಮನುಷ್ಯನು ದೇವರಿಗೆ ಸ್ವೀಕೃತನಾಗುವದು ತನ್ನ ಪುಣ್ಯದಿಂದಲ್ಲ, ಕೃಪೆಯಿಂದಲೇ ಎಂಬ ಮೂಲದಲ್ಲಿ ತಮಗೆ ಒಮ್ಮತವಿದೆ. ಹಿಂದಿನ ಶಾಪಗಳು ಈ ಪತ್ರದಲ್ಲಿ ಹೇಳಿದ ಬೋಧೆಗೆ ತಗಲುವದಿಲ್ಲ ಎಂದು ಅದರ ತಾತ್ಪರ್ಯ.

ಹಾಗಾದರೆ ಯಾವ ಸಿದ್ಧಾಂತವಾದರೂ ಸರಿಯೆಂದು ಅವರು ಹೇಳಿದರೇ? ಇಲ್ಲ. ಕ್ರಿಸ್ತನು ಯಾರೆಂಬ ವಿಷಯದಲ್ಲಿ ಅವರು ಕೂದಲೆಳೆಯಷ್ಟೂ ಸಡಿಲಿಸಿಲ್ಲ. ಕ್ರಿಸ್ತನನ್ನು ಕೇವಲ ಸತ್ಪುರುಷನೆನ್ನುವವನನ್ನು ಈ ಎರಡೂ ಸಭೆಗಳು ತಮ್ಮವನೆಂದು ಎಣಿಸುವದಿಲ್ಲ. ಅವರು ಬೇರ್ಪಡಿಸಿದುದು ಎರಡನ್ನು: ಮುಕ್ತಿಯ ಸಾಧನವನ್ನೇ ಮುಟ್ಟುವ ಭೇದ ಬೇರೆ, ಸಾಧನವನ್ನು ವಿವರಿಸುವದರಲ್ಲಿ ಬರುವ ಭೇದ ಬೇರೆ. ಮೊದಲನೆಯದು ಮುಕ್ತಿಗೆ ಬಾಧಕವು. ಎರಡನೆಯದು ವಿದ್ವಾಂಸರ ವ್ಯವಹಾರವು. ಮಗ್ಗದ ಮುಂದೆ ಕುಳಿತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೀರೆಯ ಅಂಚಿನ ಬಣ್ಣವನ್ನು ಬದಲಿಸಬಹುದು. ಹಾಸಿನ ನೂಲೇ ಹರಿದರೆ ಲಾಳಿ ಎಷ್ಟು ಓಡಾಡಿದರೂ ಬಟ್ಟೆಯಾಗದು.

ಈ ವಿವೇಕವನ್ನು ಹಿಡಿದುಕೊಂಡು ವೀರಶೈವ-ಲಿಂಗಾಯತರ ಭೇದಗಳನ್ನು ನೋಡತಕ್ಕದ್ದು. ಧರ್ಮದ ಮೂಲವು ರೇಣುಕಾದಿ ಪಂಚಾಚಾರ್ಯರಲ್ಲಿದೆಯೆಂದು ಒಂದು ಪಕ್ಷವು, ಹನ್ನೆರಡನೆಯ ಶತಮಾನದ ಬಸವಾದಿ ಶರಣರಲ್ಲಿದೆಯೆಂದು ಇನ್ನೊಂದು ಪಕ್ಷವು. ಒಬ್ಬರು ಸಿದ್ಧಾಂತಶಿಖಾಮಣಿಯ ನೂರೊಂದು ಸ್ಥಲಗಳನ್ನು ಎಣಿಸುವರು. ಇನ್ನೊಬ್ಬರು ಚೆನ್ನಬಸವಣ್ಣನ ವಚನಗಳಿಂದಲೂ ಶೂನ್ಯಸಂಪಾದನೆಯಿಂದಲೂ ಷಟ್‌ಸ್ಥಲವನ್ನು ನಿರೂಪಿಸುವರು. ಶ್ರೀಪತಿಪಂಡಿತರ ಶ್ರೀಕರಭಾಷ್ಯವು ಒಂದು ದಾರಿಯಲ್ಲಿ ಹೋದರೆ, ನಿಜಗುಣಶಿವಯೋಗಿಗಳ ಗ್ರಂಥಗಳು ಅದ್ವೈತದ ಕಡೆಗೆ ವಾಲುವವು. ಆದರೂ ನಿಜಗುಣರ ಕೈವಲ್ಯಪದ್ಧತಿಯನ್ನು ಹಾಡದ ಭಜನಾಮೇಳವು ಈ ಸೀಮೆಯಲ್ಲಿ ವಿರಳ. ಇವುಗಳಲ್ಲಿ ಯಾವುದು ಸತ್ಯವೆಂಬುದನ್ನು ಶಾಸನ, ಓಲೆಗ್ರಂಥ, ಯುಕ್ತಿ ಇವುಗಳಿಂದ ನಿರ್ಣಯಿಸಬೇಕು; ಎಲ್ಲವೂ ಒಂದೇ ಎಂದು ತೇಲಿಸಿಬಿಡುವದು ಪಾಂಡಿತ್ಯಕ್ಕೆ ಒಪ್ಪುವದಲ್ಲ. ಆದರೆ ಆ ನಿರ್ಣಯವಾಗುವವರೆಗೆ ಯಾರ ಲಿಂಗೈಕ್ಯವೂ ಕಾದುನಿಂತಿರುವದಿಲ್ಲ.

ಕಾರಣವು ದೀಕ್ಷೆಯ ಸ್ವರೂಪದಲ್ಲಿಯೇ ಇದೆ. ವೇಧಾ, ಮಂತ್ರ, ಕ್ರಿಯಾ ಎಂಬ ತ್ರಿವಿಧ ದೀಕ್ಷೆಯಲ್ಲಿ ಗುರುವು ಶಿಷ್ಯನ ಮಸ್ತಕದ ಮೇಲೆ ಹಸ್ತವನ್ನಿಟ್ಟು, ಅಲ್ಲಿರುವ ಚಿತ್ಕಳೆಯನ್ನೇ ಹೊರತೆಗೆದು, ಇಷ್ಟಲಿಂಗವಾಗಿ ಅವನ ಕರಸ್ಥಲಕ್ಕೆ ಕೊಡುವನು. ಎರಡೂ ಪರಂಪರೆಯವರು ಇದನ್ನು ಒಪ್ಪುವರು. ಹಾಗೆಂದ ಮೇಲೆ ಗುರುವು ತನ್ನ ಮಠದ ಭಂಡಾರದಿಂದ ಏನನ್ನೂ ತೆಗೆದುಕೊಟ್ಟಂತಾಗಲಿಲ್ಲ. ಶಿಷ್ಯನ ಒಳಗಿದ್ದುದನ್ನೇ ಶಿಷ್ಯನಿಗೆ ತೋರಿಸಿಕೊಟ್ಟನು. ಅಗಸ್ಟೀನನು ಸ್ನಾನಮಾಡಿಸುವವನನ್ನು ನಿಮಿತ್ತವೆಂದನಷ್ಟೆ. ಇಲ್ಲಿ ಆ ಯುಕ್ತಿಯು ಇನ್ನೂ ಬಲವಾಗಿ ನಿಲ್ಲುವದು. ಹೊರಗಿನಿಂದ ಬರುವ ಕೃಪೆಯಾದರೆ ಅದು ಬರುವ ದಾರಿ ಶುದ್ಧವೋ ಅಶುದ್ಧವೋ ಎಂದು ಶಂಕಿಸಲಾದರೂ ಆಸ್ಪದವಿತ್ತು. ತನ್ನದೇ ಚೈತನ್ಯಕ್ಕೆ ಪೀಠದ ಭೇದವೆಲ್ಲಿಯದು? ಗುರುವು ಶಾಸ್ತ್ರವನ್ನರಿತು ಆಚಾರವಂತನಾಗಿರಬೇಕೆಂಬ ನಿಯಮವುಂಟು ನಿಜ. ಅದನ್ನು ಮೀರಿದರೆ ಆ ಹೊರೆಯು ಗುರುವಿನದು. ಆದುದರಿಂದ ತವರೂರ ಮಠದಲ್ಲಿ ದೀಕ್ಷೆ ಪಡೆದು ಬಂದ ಸೊಸೆಗೆ ಮರುದೀಕ್ಷೆಯು ಬೇಕಿಲ್ಲ. ಬೇಕೆನ್ನುವವರು ಅವಳ ಲಿಂಗವನ್ನು ಕಲ್ಲೆಂದಂತಾಗುವದು, ಮತ್ತು ಆ ಮಾತು ತಿರುಗಿ ತಮ್ಮ ಕೊರಳಿನ ಲಿಂಗಕ್ಕೂ ಬಂದು ತಗಲುವದು.

ಬಾಧಕವಾದ ಭೇದವು ಬೇರೆಯೇ ಇದೆ. ಇಷ್ಟಲಿಂಗವು ಕುಲದ ಗುರುತಷ್ಟೇ, ಅದನ್ನು ಅಂಗದಿಂದ ಅಗಲಿಸಿದರೆ ಹಾನಿಯಿಲ್ಲ ಎಂದು ಯಾರಾದರೂ ಬೋಧಿಸಿದರೆ, ಅವರು ಯಾವ ಪೀಠದವರೇ ಆಗಿರಲಿ, ಹಾಸಿನ ನೂಲನ್ನೇ ಕತ್ತರಿಸಿದರು. ಲಿಂಗವಂತರಾದ ಮೇಲೆಯೂ ಹಿಂದಿನ ಜಾತಿಯನ್ನು ಹುಡುಕಿ ಪಂಕ್ತಿಯಿಂದ ಎಬ್ಬಿಸುವದೂ ಅಂಥದೇ. ಮೂಲಪುರುಷರು ಯಾರೆಂದು ಚಾವಡಿಯ ಕಟ್ಟೆಯ ಮೇಲೆ ತಾಸುಗಟ್ಟಲೆ ವಾದಿಸುವ ಕೆಲವರ ಬೆಳ್ಳಿಯ ಕರಡಿಗೆಯು ಮನೆಯ ದೇವರ ಜಗಲಿಯ ಮೇಲೆ ಧೂಳು ತಿನ್ನುತ್ತಿರುವದು. ಅಂಥವರ ವಾದವು ಗೆದ್ದರೇನು, ಸೋತರೇನು.

2018ರ ಮಾರ್ಚಿನಲ್ಲಿ ನ್ಯಾಯಮೂರ್ತಿ ನಾಗಮೋಹನದಾಸ ಇವರ ಸಮಿತಿಯ ವರದಿಯ ಮೇಲಿಂದ ರಾಜ್ಯಸರಕಾರವು ಸ್ವತಂತ್ರ ಧರ್ಮದ ಮಾನ್ಯತೆಗೆ ಶಿಫಾರಸು ಮಾಡಿತು; ಕೇಂದ್ರಸರಕಾರವು ಅದನ್ನು ಅಂಗೀಕರಿಸಲಿಲ್ಲ. ಆ ಕಾಲಕ್ಕೆ ಬಂಧುಬಳಗದಲ್ಲಿಯೂ ಮಾತು ಬಿಟ್ಟವರುಂಟು. ಅದು ರಾಜ್ಯಾಂಗದ ಪ್ರಶ್ನೆ. ತನ್ನ ಸ್ಥಾನದಲ್ಲಿ ಮಹತ್ತ್ವದ್ದೇ. ಆದರೆ ಅದರಿಂದ ಯಾರ ಮುಕ್ತಿಯೂ ಮುಂದೆ ಬರಲಿಲ್ಲ, ಹಿಂದೆ ಸರಿಯಲಿಲ್ಲ. ಹಾನಗಲ್ಲ ಕುಮಾರಸ್ವಾಮಿಗಳು ಸ್ವತಃ ವಿರಕ್ತರಾಗಿದ್ದು, 1909ರಲ್ಲಿ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರವನ್ನು ಸ್ಥಾಪಿಸಿದಾಗ ಗುರುವರ್ಗದ ವಟುಗಳನ್ನೂ ವಿರಕ್ತವರ್ಗದ ವಟುಗಳನ್ನೂ ಒಂದೇ ಕಡೆಗೆ ಶಿವಪೂಜೆಗೆ ಕೂಡ್ರಿಸಿದರು. ಅಲ್ಲಿಂದ ಹೊರಟವರು ತಮ್ಮ ತಮ್ಮ ಮಠಗಳಿಗೆ ಹೋಗಿ ತಮ್ಮ ತಮ್ಮ ಪರಂಪರೆಯನ್ನೇ ನಡೆಸಿದರು. ಅವರ ಕರಸ್ಥಲದ ಲಿಂಗವನ್ನು ಯಾರೂ ಬದಲಿಸಲಿಲ್ಲ.

ಕ್ರೈಸ್ತರಲ್ಲಿಯೂ ಇದಕ್ಕೆ ಹೋಲುವ ಒಂದು ಘಟನೆಯುಂಟು. 1947ರ ಸೆಪ್ಟೆಂಬರ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್ಬಿಟೀರಿಯನ್, ಕಾಂಗ್ರಿಗೇಶನಲ್ ಸಭೆಗಳು ಕೂಡಿ ದಕ್ಷಿಣ ಭಾರತ ಸಭೆಯಾದವು. ಬಿಶಪ್ಪನ ಹಸ್ತದಿಂದ ಪಟ್ಟವಾಗದ ಬೋಧಕರಿಗೆ ಮರುಪಟ್ಟವಾಗಬೇಕೆಂಬ ಪ್ರಶ್ನೆ ಅಲ್ಲಿಯೂ ಎದ್ದಿತು. ಮುಂದಿನವರಿಗೆ ಬಿಶಪ್ಪನ ಹಸ್ತದಿಂದಲೇ ಆಗಲಿ, ಆದವರಿಗೆ ಮತ್ತೆ ಬೇಡವೆಂದು ಅವರು ಗೊತ್ತುಮಾಡಿಕೊಂಡರು. ಇಂಗ್ಲಂಡದಲ್ಲಿ ಕೆಲವರು ಇದನ್ನು ಧರ್ಮಲೋಪವೆಂದು ಕೂಗಿದರು. ಇಲ್ಲಿಯವರು ಕಿವಿಗೊಡಲಿಲ್ಲ. ಮುಂಬಯಿ ಕರ್ನಾಟಕದ ಬಾಸೆಲ್ ಸಭೆಗಳೂ ಮುಂದೆ ಇದರಲ್ಲಿಯೇ ಸೇರಿದವು. ಆದರೆ ಆಗ್ಸ್‌ಬರ್ಗಿನ ಪತ್ರಕ್ಕೆ ಸಹಿಯಾಗಿ ಇಷ್ಟು ವರ್ಷಗಳಾದರೂ ರೋಮಿನ ಸಭೆಯೂ ಲೂಥರನ ಸಭೆಯೂ ಕರ್ತನ ಭೋಜನವನ್ನು ಒಂದೇ ಪಂಕ್ತಿಯಲ್ಲಿ ಸ್ವೀಕರಿಸುವ ಮಟ್ಟಕ್ಕೆ ಬಂದಿಲ್ಲ. ಪರಲೋಕದ ವಿಷಯದಲ್ಲಿ ಒಮ್ಮತವಾಯಿತು, ಊಟದ ವಿಷಯದಲ್ಲಿ ಆಗಲಿಲ್ಲ. ಈ ಮಹೋತ್ಸವದ ದಾಸೋಹದಲ್ಲಿ ನಾಲ್ಕೂ ಊರುಗಳ ಭಕ್ತರು ಸಾಲುಗಟ್ಟಿ ಕುಳಿತು ಪ್ರಸಾದವನ್ನು ಸ್ವೀಕರಿಸುತ್ತಿರುವರು. ಬಡಿಸುವವರು ಯಾರ ಶಿವದಾರವು ಯಾವ ಮಠದ್ದೆಂದು ಕೇಳುತ್ತಿಲ್ಲ.