ಎಂಟು ತಿಂಗಳ ಲೆಕ್ಕ

ಆಯುಸ್ಸಿನ ಲೆಕ್ಕವನ್ನು ಚಿತ್ರಗುಪ್ತನೊಬ್ಬನೇ ಬಲ್ಲನೆಂದು ನಮ್ಮ ಹಿರಿಯರು ನಂಬಿದ್ದರು. ಆ ಕಡತವನ್ನು ತೆರೆದು ನೋಡುವ ಅಧಿಕಾರ ಬೇರೆಯವರಿಗೆ ಇರಲಿಲ್ಲವಾದುದರಿಂದ ಬದುಕಿದಷ್ಟು ದಿನ ಮನುಷ್ಯನಿಗೆ ಒಂದು ಬಗೆಯ ನಿಶ್ಚಿಂತೆಯಾದರೂ ಇತ್ತು. ಈಗ ಆ ಕಡತದ ಒಂದೆರಡು ಹಾಳೆಗಳು ವೈದ್ಯಶಾಸ್ತ್ರದ ಕೈಗೆ ಸಿಕ್ಕಿವೆ. ಸಿಕ್ಕಿದ ಹಾಳೆಯನ್ನು ಓದುವ ಬಗೆ ಯಾವುದೆಂದು ಯೋಚಿಸುವಾಗಲೆಲ್ಲ ನನಗೆ ನೆನಪಾಗುವವರು ಅಮೆರಿಕದ ಜೀವವಿಜ್ಞಾನಿ ಸ್ಟೀಫನ್ ಜೇ ಗೂಲ್ಡ್.

ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿ, ವೆಸ್ಟ್ ಇಂಡೀಸ್ ದ್ವೀಪಗಳ ಬಸವನಹುಳುಗಳನ್ನು ಅಳೆದು ಹೋಲಿಸಿ ಜೀವವಿಕಾಸದ ಗತಿಯನ್ನು ಶೋಧಿಸುತ್ತ, ಅದರ ಜೊತೆಗೇ ‘ನ್ಯಾಚುರಲ್ ಹಿಸ್ಟರಿ’ ಎಂಬ ಪತ್ರಿಕೆಗೆ ತಿಂಗಳು ತಿಂಗಳೂ ಪ್ರಬಂಧ ಬರೆಯುತ್ತಿದ್ದ ಈ ವಿದ್ವಾಂಸರಿಗೆ 1982ರ ಜುಲೈಯಲ್ಲಿ, ಇನ್ನೂ 40ರ ಹರೆಯದಲ್ಲಿರುವಾಗ, ಮೀಸೋಥೀಲಿಯೋಮ ಎಂಬ ಅಪರೂಪದ ಕ್ಯಾನ್ಸರ್ ಉದರದ ಒಳಪೊರೆಗೆ ಹತ್ತಿರುವುದು ತಿಳಿಯಿತು. ನಮ್ಮಲ್ಲಿ ಮಾಡಿಗೆ ಹೊದಿಸುವ ಶೀಟುಗಳಲ್ಲಿರುತ್ತಿದ್ದ ಕಲ್ನಾರಿನ ಸೂಕ್ಷ್ಮ ಎಳೆಗಳೇ ಸಾಮಾನ್ಯವಾಗಿ ಈ ರೋಗದ ಮೂಲ. ಶಸ್ತ್ರಚಿಕಿತ್ಸೆಯಾದ ಮೇಲೆ ಗೂಲ್ಡ್ ತಮ್ಮ ವೈದ್ಯೆಯನ್ನು, ಈ ವ್ಯಾಧಿಯನ್ನು ಕುರಿತು ಓದತಕ್ಕದ್ದು ಏನುಂಟೆಂದು ಕೇಳಿದರು. ಓದುವಂಥದು ಏನೂ ಇಲ್ಲವೆಂದು ಆಕೆ ಮಾತು ತೇಲಿಸಿಬಿಟ್ಟರು. ಪುಸ್ತಕದ ಹುಳುವಿಗೆ ಪುಸ್ತಕ ಮುಟ್ಟಬೇಡವೆಂದರೆ ಕೇಳೀತೆ? ನಡೆಯುವಷ್ಟು ತ್ರಾಣ ಬಂದದ್ದೇ ತಡ, ಅವರು ಹಾರ್ವರ್ಡಿನ ವೈದ್ಯಕೀಯ ಗ್ರಂಥಾಲಯವನ್ನು ಹೊಕ್ಕರು. ಆಕೆ ಮರೆಮಾಡಿದ್ದು ಏನೆಂಬುದು ಒಂದು ಗಂಟೆಯೊಳಗೆ ಬಯಲಾಯಿತು. ರೋಗ ಗುಣವಾಗತಕ್ಕದ್ದಲ್ಲ, ಪತ್ತೆಯಾದಂದಿನಿಂದ ರೋಗಿಗಳ ಆಯುಸ್ಸಿನ ಮಧ್ಯಾಂಕ ಎಂಟು ತಿಂಗಳು. ಕಾಲು ಗಂಟೆಯ ಹೊತ್ತು ಕಲ್ಲಾಗಿ ಕುಳಿತಿದ್ದರಂತೆ. ಆಮೇಲೆ, ಓದಲು ಏನನ್ನೂ ಕೊಡದಿದ್ದುದು ಇದಕ್ಕೇ ಸರಿ ಎಂದು ನಕ್ಕರಂತೆ.

ಆ ಮಾತು ನಮ್ಮ ನಿಮ್ಮ ಕಿವಿಗೆ ಬಿದ್ದಿದ್ದರೆ, ಎಂಟು ತಿಂಗಳಿಗೆ ಎಲ್ಲವೂ ಮುಗಿಯಿತೆಂದೇ ಅರ್ಥಮಾಡಿಕೊಂಡು, ಮಕ್ಕಳನ್ನು ಕರೆಸಿ ಹೊಲಮನೆಯ ಪಾಲಿನ ಮಾತೆತ್ತುತ್ತಿದ್ದೆವೋ ಏನೋ. ಗೂಲ್ಡರನ್ನು ಕಾಪಾಡಿದ್ದು ಅವರ ಕಸುಬು. ಒಂದೊಂದು ಚಿಪ್ಪೂ ಇನ್ನೊಂದರಂತಿಲ್ಲದ ಬಸವನಹುಳುಗಳ ನಡುವೆ ಆಯುಸ್ಸು ಸವೆಸಿದವನಿಗೆ, ವೈವಿಧ್ಯವೇ ನಿಜ, ನಟ್ಟನಡುವಿನ ಅಂಕಿ ನಮ್ಮ ಬುದ್ಧಿ ಕಲ್ಪಿಸಿಕೊಂಡದ್ದು ಎಂಬುದು ಮೈಗತವಾಗಿರುತ್ತದೆ. ಯುಗಾದಿಯ ಮುನ್ನ ಉತ್ತರ ಕರ್ನಾಟಕದ ಒಂದು ಊರಿನಿಂದ ನೂರು ಮಂದಿ ಭಕ್ತರು ಶ್ರೀಶೈಲಕ್ಕೆ ಪಾದಯಾತ್ರೆ ಹೊರಟರೆನ್ನಿ. ಅರ್ಧದಷ್ಟು ಜನ ಕಾಲು ಸೋತು ಕುಳಿತಾಗ ಉಳಿದವರು ನಡೆಯುತ್ತಿರುವ ಊರು ಯಾವುದೋ ಅದೇ ಮಧ್ಯಾಂಕ. ಮನೆಯ ಹೊಸ್ತಿಲಿಗಿಂತ ಹಿಂದೆ ಯಾರೂ ಕೂರಲಾರರಷ್ಟೆ. ಬೇಗ ಸೋತವರೆಲ್ಲ ಮೊದಲ ಕೆಲವು ಹರದಾರಿಗಳಲ್ಲಿಯೇ ಒತ್ತಿಕೊಂಡಿರಬೇಕು. ಆದರೆ ಆ ಊರನ್ನು ದಾಟಿದವರಲ್ಲಿ ಒಬ್ಬನು ಮುಂದಿನ ಹಳ್ಳಿಯಲ್ಲಿಯೇ ಕೂತಾನು, ಇನ್ನೊಬ್ಬನು ಹತ್ತು ಹಳ್ಳಿ ನಡೆದಾನು, ಬೆರಳೆಣಿಕೆಯ ಮಂದಿ ಮಲ್ಲಯ್ಯನ ಗುಡಿಯ ಬಾಗಿಲನ್ನೇ ಮುಟ್ಟಿಯಾರು. ಎಂಟು ತಿಂಗಳೆಂಬುದು ಹಾದಿಯ ಬದಿಯ ಒಂದು ಮೈಲಿಗಲ್ಲೇ ಹೊರತು ಊರ ಎಲ್ಲೆಯಲ್ಲ.

ಹಾಗಾದರೆ ತಾನು ಯಾವ ಅರ್ಧಕ್ಕೆ ಸೇರಿದವನು? ವಯಸ್ಸು ಚಿಕ್ಕದು, ರೋಗ ಬೇಗನೆ ಪತ್ತೆಯಾಗಿದೆ, ಚಿಕಿತ್ಸೆ ಉತ್ತಮವಾದದ್ದು ದೊರೆತಿದೆ, ಬದುಕಬೇಕೆಂಬ ಹಂಬಲವೂ ಇದೆ ಎಂದು ಲೆಕ್ಕ ಹಾಕಿ, ದಾಟಿ ನಡೆಯುವವರ ಗುಂಪಿನಲ್ಲಿ ತಾನಿರುವುದು ಸಂಭವವೆಂದು ಅವರು ತೀರ್ಮಾನಿಸಿದರು. ಜೀವಿತೇಚ್ಛೆಯೆಂದರೆ ಮೃತ್ಯುವಿನ ಎದುರು ತೊಡೆ ತಟ್ಟುವುದೆಂದು ನಾನು ಬಹುಕಾಲ ತಿಳಿದಿದ್ದೆ. ಅಂಕಿಯನ್ನು ನಿಧಾನವಾಗಿ, ಸರಿಯಾಗಿ, ಎರಡನೆಯ ಸಲ ಓದುವ ಧೈರ್ಯವೂ ಅದರ ಒಂದು ರೂಪವೆಂಬುದನ್ನು ಕಲಿತದ್ದು ಗೂಲ್ಡರಿಂದ. ಕ್ಯಾನ್ಸರನ್ನು ಗೆಲ್ಲಲು ಯಾವುದು ಒಳ್ಳೆಯ ಮದ್ದೆಂದು ಅವರು ಕೇಳಿದಾಗ, ನೊಬೆಲ್ ಪುರಸ್ಕೃತ ವಿಜ್ಞಾನಿ ಪೀಟರ್ ಮೆಡಾವರ್, ಆಶೆಗುಂದದ ಪ್ರಸನ್ನ ಪ್ರಕೃತಿಯೆಂದು ಉತ್ತರ ಕೊಟ್ಟಿದ್ದರು. ಉತ್ತರವೇನೋ ಚೆನ್ನಾಗಿದೆ, ಆದರೆ ಪ್ರಸನ್ನತೆ ಅಂಗಡಿಯಿಂದ ಕೊಂಡುತರುವ ಮಾತ್ರೆಯಲ್ಲ. ಮೇಲಾಗಿ, ಬದುಕಿದವನ ಛಲವನ್ನು ಹೊಗಳುವ ಭರದಲ್ಲಿ, ಹೋದವನಿಗೆ ಛಲ ಸಾಲದೆಹೋಯಿತೆಂದು ಅವನ ಹೆಂಡತಿಮಕ್ಕಳೆದುರು ಸೂಚಿಸುವ ನಾಲಿಗೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಅದು ಶುದ್ಧ ಕ್ರೌರ್ಯ. ಗೂಲ್ಡರ ಬೆನ್ನಿಗೆ ಶಸ್ತ್ರವೈದ್ಯರ ಕೈ ಇತ್ತು, ಕಿರಣಗಳಿದ್ದವು, ಮೈಯನ್ನು ಹಿಂಡಿಹಾಕುವ ತೀಕ್ಷ್ಣ ಔಷಧಗಳಿದ್ದವು. ಸಂಕಲ್ಪವಿದ್ದುದು ಅವುಗಳ ಜೊತೆಗೆ, ಅವುಗಳ ಬದಲಿಗಲ್ಲ.

ಈ ಚಿಕಿತ್ಸೆಯ ನಡುವೆಯೂ ಅವರ ಮಾಸಿಕ ಪ್ರಬಂಧ ಒಂದು ತಿಂಗಳೂ ತಪ್ಪಲಿಲ್ಲ. 1974ರ ಜನವರಿಯಲ್ಲಿ ಮೊದಲಾದ ಆ ಮಾಲೆ 300 ಪ್ರಬಂಧಗಳನ್ನು ಮುಟ್ಟಿ, 2001ರ ಜನವರಿಯಲ್ಲಿ ಅವರ ಇಚ್ಛೆಯಂತೆಯೇ ಮುಗಿಯಿತು. ಮಧ್ಯಾಂಕದ ಈ ವೃತ್ತಾಂತವನ್ನು ಅವರು 1985ರಲ್ಲಿ ‘ಡಿಸ್ಕವರ್’ ಪತ್ರಿಕೆಯಲ್ಲಿ ಬರೆದರು. ಅದೇ ಬಗೆಯ ಅಂಕಿಯನ್ನು ಕೇಳಿ ಕಂಗಾಲಾದ ಎಷ್ಟೋ ರೋಗಿಗಳು ಅಂದಿನಿಂದ ಅದನ್ನು ಓದುತ್ತಲೇ ಇದ್ದಾರೆ.

ಎಂಟು ತಿಂಗಳು ಇಪ್ಪತ್ತು ವರ್ಷಗಳಾದುವು. ನ್ಯೂಯಾರ್ಕಿನ ಮನೆಯಲ್ಲಿ, ತಮ್ಮ ಪುಸ್ತಕಗಳ ನಡುವೆ ಹಾಕಿದ್ದ ಹಾಸಿಗೆಯ ಮೇಲೆ, 2002ರ ಮೇ 20ರಂದು ಗೂಲ್ಡ್ ತೀರಿಕೊಂಡರು. ಆಗ ಅವರನ್ನು ಒಯ್ದದ್ದು ಹಳೆಯ ರೋಗಕ್ಕೆ ಸಂಬಂಧವಿಲ್ಲದ ಬೇರೊಂದು ಕ್ಯಾನ್ಸರ್. ಜೀವವಿಕಾಸವಾದದ ರಚನೆಯನ್ನು ಕುರಿತು ಅವರು ಸುಮಾರು ಎರಡು ದಶಕ ಕುಳಿತು ಬರೆದ, 1400 ಪುಟಗಳನ್ನು ಮೀರಿದ ಮಹಾಗ್ರಂಥ ಅದಕ್ಕೆ ಎರಡು ತಿಂಗಳ ಹಿಂದೆಯಷ್ಟೇ ಅಚ್ಚಾಗಿ ಹೊರಬಂದಿತ್ತು.